ಕೆರೆ ಏರಿಯ ಮೇಲೆ ಆಂಜನಮ್ಮನ ಸೈಕಲ್ ದಾರಿ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಹೊಂಗೇನಹಳ್ಳಿ ಕೆರೆಯ ಏರಿಯ ಮೇಲೆ ಒಬ್ಬ ಹೆಂಗಸು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಹಗ್ಗದಲ್ಲಿ ಏನನ್ನೋ ಎಳೆಯುತ್ತ ನಿಧಾನವಾಗಿ ನಡೆಯುತ್ತಿದ್ದಾರೆ. ದೂರದಿಂದ ನೋಡಿದರೆ ನಾಯಿಮರಿಯನ್ನು ಓಡಾಡಿಸಲು ಕರೆತಂದಂತೆ ಕಾಣುತ್ತದೆ. ಹತ್ತಿರ ಹೋದರೆ ಅದು ಹಳೆಯ ಸ್ಪೀಕರಿನಿಂದ ಬಿಚ್ಚಿದ, ಅಂಗೈ ಅಗಲದ ಅಯಸ್ಕಾಂತ. ಅದರ ಮೈತುಂಬ ಮೊಳೆ, ತಂತಿಚೂರು, ಸೋಡಾ ಬಾಟಲಿಯ ಮುಚ್ಚಳ, ಒಂದು ಮುರಿದ ಹೇರ್‌ಪಿನ್. ಮಕ್ಕಳು ಇದಕ್ಕೆ ‘ಅಜ್ಜಿ ನಾಯಿ’ ಎಂದೇ ಹೆಸರಿಟ್ಟಿದ್ದಾರೆ.

“ನಿನ್ನೆ ಸಾಯಂಕಾಲ ಯಾರೋ ಇಲ್ಲಿ ಪೆಟ್ಟಿಗೆ ಒಡೆದವ್ರೆ. ಮೊಳೆ ಹಂಗೇ ಬಿಟ್ಟೋಗವ್ರೆ,” ಎನ್ನುತ್ತ ಅವರು ಕಬ್ಬಿಣದ ಚೂರುಗಳನ್ನು ಬಿಡಿಸಿ ಡಬ್ಬಿಗೆ ಹಾಕುತ್ತಾರೆ. “ಕಣ್ಣಿಗೆ ಬೀಳಲ್ಲ ನೋಡಿ ಇವು. ಟಯರಿಗೆ ಮಾತ್ರ ಸರಿಯಾಗಿ ಸಿಕ್ತವೆ.”

ಇವರು ಆಂಜನಮ್ಮ. ವಯಸ್ಸು ಅರವತ್ತರ ಆಸುಪಾಸು. ವಿಮಾನಪುರದಿಂದ ಕೆ.ಆರ್. ಪುರದ ಕಡೆ ಹೋಗುವಾಗ ಎಡಕ್ಕೆ ಒಳಗೆ ಸಿಗುವ ಈ ಪುಟ್ಟ ಕೆರೆಯ ಏರಿಯನ್ನು, ಸೈಕಲ್ ಕಲಿಯುವವರು ಹೆದರದೆ ಓಡಾಡುವ ದಾರಿಯನ್ನಾಗಿ ಮಾಡಿದವರು ಇವರೇ. ಇದು ಯಾವ ಯೋಜನೆಯೂ ಅಲ್ಲ, ಯಾರ ಆದೇಶವೂ ಅಲ್ಲ. ಇಲ್ಲಿ ಬೋರ್ಡೂ ಇಲ್ಲ. ಆದರೂ ಭಾನುವಾರ ಬೆಳಿಗ್ಗೆ ಇಂದಿರಾನಗರದಿಂದ, ಲಿಂಗರಾಜಪುರದಿಂದ ಅಪ್ಪ ಅಮ್ಮಂದಿರು ಸ್ಕೂಟರಿನ ಮುಂದೆ ಮಗುವನ್ನು ನಿಲ್ಲಿಸಿಕೊಂಡು, ಆಟೋ ಹಿಂದೆ ಪುಟ್ಟ ಸೈಕಲ್ ಕಟ್ಟಿಕೊಂಡು ವಿಳಾಸ ಕೇಳುತ್ತ ಬರುತ್ತಾರೆ. “ಆಂಜನಮ್ಮನ ಏರಿ ಎಲ್ಲಿ?” ಎಂದರೆ ಬಸ್ ಸ್ಟಾಪಿನ ಹೂವಿನವಳೂ ಕೈ ತೋರಿಸುತ್ತಾಳೆ.

ಅಯಸ್ಕಾಂತ ಎಳೆದಾದ ಮೇಲೆ ಪೊರಕೆಯ ಸರದಿ. ಜಾಲಿಮುಳ್ಳು ಅಯಸ್ಕಾಂತಕ್ಕೆ ಅಂಟುವುದಿಲ್ಲವಲ್ಲ! ಗುಡಿಸಿ ಮುಗಿಸಿ, ಗುದ್ದಲಿ ಹಿಡಿದು ರಾತ್ರಿಯ ಮಳೆ ಕೊರೆದ ಕಡೆ ಮಣ್ಣು ತುಂಬುತ್ತಾರೆ. ತುಂಬಿದ ಮಣ್ಣಿನ ಮೇಲೆ ಬರಿಗಾಲಲ್ಲಿ ನಿಂತು ಹಿಮ್ಮಡಿಯಲ್ಲಿ ಒತ್ತುತ್ತಾರೆ. ಆಮೇಲೆ ಏರಿಯ ನೀರಿನ ಬದಿಯ ಲಕ್ಕಿ ಗಿಡಗಳನ್ನು ಒಮ್ಮೆ ನೋಡಿ ಬರುತ್ತಾರೆ. ಸಾಲಾಗಿ ನೆಟ್ಟವರು ಅವರೇ. “ಬೇಲಿ ಅಂತ ಮುಳ್ಳು ಹಾಕಿದ್ರೆ ಬಿದ್ದೋರಿಗೆ ಇನ್ನೊಂದು ಪೆಟ್ಟು. ಲಕ್ಕಿ ಆದ್ರೆ ಹಿಡ್ಕೊಳತ್ತೆ, ಚುಚ್ಚಲ್ಲ,” ಎಂದು ಒಂದು ಕೊಂಬೆಯನ್ನು ಬಗ್ಗಿಸಿ ಬಿಟ್ಟು ತೋರಿಸುತ್ತಾರೆ.

ಕೆರೆಯ ಕೆಳಗೆ, ಈಗ ಮಹಡಿ ಮನೆಗಳು ಎದ್ದಿರುವ ಜಾಗದಲ್ಲಿ, ಆಂಜನಮ್ಮನವರ ಗದ್ದೆಯಿತ್ತು. ಗಂಡ ಮುನಿನಾರಾಯಣಪ್ಪ ಸೊಪ್ಪು ಬೆಳೆಯುತ್ತಿದ್ದರು. ಇವರು ಅದನ್ನು ಕಟ್ಟು ಕಟ್ಟಿ ಹಲಸೂರು ಮಾರ್ಕೆಟ್ಟಿಗೆ ಒಯ್ಯುತ್ತಿದ್ದರು. ತೊಂಬತ್ತರ ಆಚೀಚೆ ಸುತ್ತಲ ಜಮೀನೆಲ್ಲ ಸೈಟುಗಳಾದಾಗ ಇವರದೂ ಹೋಯಿತು. ಮನೆ ಕಟ್ಟಿಸಿದರು, ಮೇಲೆ ಬಾಡಿಗೆಗೆ ಕೊಟ್ಟರು. ಮಗ ಕೆಂಪರಾಜ್ ನೀರಿನ ಟ್ಯಾಂಕರ್ ಇಟ್ಟುಕೊಂಡು ದುಡಿಮೆಗೆ ಇಳಿದರು. ಹೊಸ ಮನೆಗೆ ಬಂದ ಎರಡನೇ ವರ್ಷಕ್ಕೆ ಮುನಿನಾರಾಯಣಪ್ಪ ತೀರಿಕೊಂಡರು.

“ಊಟಕ್ಕೆ ತೊಂದ್ರೆ ಇರ್ಲಿಲ್ಲ ಕಣಪ್ಪ,” ಎನ್ನುತ್ತಾರೆ ಆಂಜನಮ್ಮ. “ಬೆಳಿಗ್ಗೆ ಎದ್ರೆ ಏನ್ ಮಾಡಾದು ಅನ್ನೋದೇ ತೊಂದ್ರೆ. ಮೊಸಾಯಿಕ್ ನೆಲ ಎಷ್ಟು ಸಲ ಒರೆಸಕ್ಕಾಗತ್ತೆ? ಬಾಲ್ಕನೀಲಿ ಕುರ್ಚಿ ಹಾಕ್ಕೊಂಡು ಕೂತ್ರೆ, ಕೈ ನನ್ ಕೈ ಅಲ್ಲ ಅನ್ನಿಸೋದು.”

ಮೊಮ್ಮಗಳು ಭವ್ಯಾಗೆ ಅಪ್ಪ ಸೈಕಲ್ ಕೊಡಿಸಿದ್ದು ನಾಲ್ಕೈದು ವರ್ಷದ ಹಿಂದೆ, ತೊಂಬತ್ತೆಂಟರಲ್ಲಿ. ಕೆಂಪು ಬಣ್ಣದ್ದು, ಹ್ಯಾಂಡಲಿನ ಎರಡೂ ಕಡೆ ಜರತಾರಿ ಎಳೆ ಜೋತುಬಿದ್ದದ್ದು. ಆದರೆ ಓಡಿಸಲು ಜಾಗವೇ ಇರಲಿಲ್ಲ. ಮನೆ ಮುಂದಿನ ರಸ್ತೆಯಲ್ಲಿ ದಿನವೆಲ್ಲ ಟ್ಯಾಂಕರುಗಳ ಓಡಾಟ. ಅದರಲ್ಲಿ ಒಂದು ಅವಳ ಅಪ್ಪನದೇ. ಸೈಕಲ್ ವರಾಂಡದಲ್ಲಿ ನಿಂತಿತು. ಮಗು ಅದರ ಮೇಲೆ ಕೂತು, ಸ್ಟ್ಯಾಂಡ್ ಹಾಕಿಕೊಂಡೇ ಪೆಡಲ್ ತುಳಿಯುತ್ತಿದ್ದಳು. ಅದನ್ನು ನೋಡಲಾಗದೆ ಅಜ್ಜಿ ಒಂದು ದಿನ ಸೈಕಲ್ಲನ್ನೂ ಮೊಮ್ಮಗಳನ್ನೂ ಕರೆದುಕೊಂಡು ಕೆರೆ ಏರಿಗೆ ಬಂದರು.

ಆಗ ಏರಿ ಹೀಗಿರಲಿಲ್ಲ. ಗಾಡಿ ಜಾಡು ಮೊಣಕಾಲುದ್ದ ಕೊರೆದಿತ್ತು, ಎರಡೂ ಕಡೆಯಿಂದ ಜಾಲಿ ನುಗ್ಗಿತ್ತು. ಭವ್ಯಾ ಎರಡು ಮಾರು ಹೋಗುವಷ್ಟರಲ್ಲಿ ಬಿದ್ದಳು, ಟಯರೂ ಪಂಕ್ಚರ್. ಅಳುತ್ತಿದ್ದ ಮಗುವನ್ನು ಒಂದು ಕೈಯಲ್ಲಿ, ಸೈಕಲ್ಲನ್ನು ಇನ್ನೊಂದು ಕೈಯಲ್ಲಿ ಹಿಡಿದು ಮನೆಗೆ ಬಂದ ಆಂಜನಮ್ಮ, ಮಾರನೇ ದಿನ ಅಟ್ಟದಿಂದ ಕುಡುಗೋಲು, ಗುದ್ದಲಿ, ಮಂಕರಿ ಇಳಿಸಿದರು. ಗದ್ದೆ ಮಾರಿದ ಮೇಲೆ ಅವನ್ನು ಮುಟ್ಟಿದ್ದು ಅದೇ ಮೊದಲು.

ಒಂದು ಮಗುವಿಗೆಂದು ಸವರಿದ ದಾರಿಗೆ ಬೀದಿಯ ಮಕ್ಕಳೆಲ್ಲ ಬಂದರು. ಶುರುವಿನಲ್ಲಿ ಆಂಜನಮ್ಮ ತಪ್ಪುಗಳನ್ನೂ ಮಾಡಿದರು. ಒಳ್ಳೆಯದಾಗಲೆಂದು ಏರಿಯ ತುಂಬ ಜಲ್ಲಿಪುಡಿ ಹಾಸಿಸಿದರು. ನೋಡಲು ಚೆನ್ನಾಗಿತ್ತು, ಚಕ್ರ ಮಾತ್ರ ಜಾರುತ್ತಿತ್ತು. ಒಂದೇ ಬೆಳಗಿನಲ್ಲಿ ನಾಲ್ಕೈದು ಮಂಡಿ ಕಿತ್ತುಹೋದವು. “ಅಯ್ಯೋ, ಆ ಮಕ್ಕಳ ಮಂಡಿ ನೋಡಿ ನಂಗೆ ಊಟ ಸೇರ್ಲಿಲ್ಲ,” ಎಂದು ಈಗಲೂ ತುಟಿ ಕಚ್ಚುತ್ತಾರೆ. ಹಾಕಿಸಿದ ಜಲ್ಲಿಯನ್ನೆಲ್ಲ ಮತ್ತೆ ಮಂಕರಿಯಲ್ಲಿ ತುಂಬಿ ತುಂಬಿ ಹೊರಗೆ ಹೊತ್ತರು. ಅಂದಿನಿಂದ ಬರೀ ಕೆಂಪುಮಣ್ಣು, ನೀರು, ತುಳಿತ.

ದಾರಿ ಹೇಗಿರಬೇಕೆಂದು ಹೇಳಿಕೊಟ್ಟವರು ಹಲವರು. ಹಲಸೂರಿನಲ್ಲಿ ಸೈಕಲ್ ಬಾಡಿಗೆ ಅಂಗಡಿ ಇಟ್ಟಿರುವ ರಹೀಂ ಅವರಲ್ಲಿ ಒಬ್ಬರು. ಅಂಗಡಿಗೆ ಬರುವ ಮಕ್ಕಳು ಕಡಿಮೆಯಾಗಿದ್ದ ಕಾಲದಲ್ಲಿ ಅವರು ಏರಿಯ ಸುದ್ದಿ ಕೇಳಿ ಬಂದರು. ಈಗ ಪ್ರತಿ ಭಾನುವಾರ ಗೂಡ್ಸ್ ಆಟೋದಲ್ಲಿ ಚಿಕ್ಕ ಸೈಕಲ್ಲುಗಳನ್ನು ಹೇರಿಕೊಂಡು ಬರುತ್ತಾರೆ. ಅಯಸ್ಕಾಂತ ಅವರು ಕೊಟ್ಟದ್ದೇ. ಹತ್ತುವ ಜಾಗದಲ್ಲಿ ಚಪ್ಪಡಿ ಕಲ್ಲುಗಳನ್ನು ಹಾಕಿಸಿದ್ದೂ ಅವರ ಮಾತಿನ ಮೇಲೆ. “ಹೊಸಬರಿಗೆ ಓಡ್ಸೋದು ಕಷ್ಟ ಅಲ್ಲ ಸಾರ್, ಹತ್ತೋದು ಕಷ್ಟ,” ಎನ್ನುತ್ತಾರೆ ರಹೀಂ. “ಕಾಲು ಇಡೋಕೆ ಒಂದು ಕಲ್ಲು ಸಿಕ್ರೆ ಅರ್ಧ ಹೆದರಿಕೆ ಹೋಗತ್ತೆ. ನಾನು ಹೇಳ್ದೆ ಅಷ್ಟೇ. ಮುಂದಿನ ವಾರ ಬಂದ್ರೆ ಅಮ್ಮ ಕಲ್ಲು ಹಾಕ್ಸಿ ಕೂತಿದ್ರು.”

ಮಕ್ಕಳಷ್ಟೇ ಬರುತ್ತಿದ್ದ ಏರಿಗೆ ದೊಡ್ಡವರೂ ಬರುವಂತಾದದ್ದು ಸುಬ್ಬಲಕ್ಷ್ಮಿಯವರಿಂದ. ವಿಮೆ ನೌಕರರ ಕಾಲೊನಿಯಲ್ಲಿ ವಾಸ, ಕಚೇರಿಯಲ್ಲಿ ಗುಮಾಸ್ತೆ. ಮಗಳು ಗಗನಾಳನ್ನು ಕರೆತಂದು, ಅವಳು ಓಡಿಸುವಷ್ಟು ಹೊತ್ತೂ ಕೈಚೀಲ ಮಡಿಲಲ್ಲಿಟ್ಟುಕೊಂಡು ಕಲ್ಲಿನ ಮೇಲೆ ಕೂತಿರುತ್ತಿದ್ದರು. ಕೆಲವು ವಾರ ಇದನ್ನು ನೋಡಿದ ಆಂಜನಮ್ಮ ಒಂದು ದಿನ ಕೇಳಿಯೇಬಿಟ್ಟರು.

“ನೀವ್ಯಾಕಮ್ಮ ಕೂತೇ ಇರ್ತೀರ?”

“ನನಗೆ ಬರಲ್ಲ ಆಂಜನಮ್ಮ.”

“ಇಲ್ಲಿ ಬರೋರಿಗೆ ಯಾರಿಗೂ ಬರಲ್ಲ. ಅದಕ್ಕೇ ತಾನೇ ಬರೋದು?”

ಸುಬ್ಬಲಕ್ಷ್ಮಿ ಈ ಮಾತನ್ನು ನೆನೆದು ನಗುತ್ತಾರೆ. “ನನಗಾಗ ನಲವತ್ನಾಲ್ಕು. ಚಿಕ್ಕವಳಿದ್ದಾಗ ಅಣ್ಣಂದಿರ ಸೈಕಲ್ ಒರೆಸಿ ಇಡೋದು ನನ್ನ ಕೆಲಸ. ಹತ್ತೋಕೆ ಬಿಡ್ತಿರ್ಲಿಲ್ಲ. ಕೇಳೋಕೂ ನಾಚಿಕೆ. ಆಮೇಲೆ ಮರ್ತೇ ಹೋಗಿತ್ತು. ಹಾಗಂದ್ಕೊಂಡಿದ್ದೆ.” ಮೊದಲ ಸಲ ಚೂಡಿದಾರ್ ತೊಟ್ಟು ಬಂದ ದಿನ ಅವರು ಸ್ಕೂಟರಿನಿಂದ ಇಳಿಯಲೇ ಹಿಂಜರಿದರಂತೆ. ಪತಿ ನಾಣಿಯವರಿಗೆ “ನೀವು ಆ ಕಡೆ ತಿರುಗಿ ನಿಂತ್ಕೊಳ್ಳಿ” ಎಂದರಂತೆ. ಅವರು ಪೇಪರ್ ಓದುವಂತೆ ನಟಿಸುತ್ತ ನಿಂತರು.

ಬೀಳುವವರನ್ನು ನೋಡಿ ನಗುವ ಹುಡುಗರನ್ನು ಆಂಜನಮ್ಮ ಅಂದೇ ಗದರಿಸಿದರು. “ಇಲ್ಲಿ ಬಿದ್ದೋರ್ನ ನೋಡಿ ನಗಂಗಿಲ್ಲ. ನಗಬೇಕು ಅಂದ್ರೆ ನೀವೂ ಬಿದ್ಕೊಂಡು ನಗ್ರಿ.” ಆ ನಿಯಮ ಈಗಲೂ ಇದೆ. ಸುಬ್ಬಲಕ್ಷ್ಮಿಯವರನ್ನು ನೋಡಿ ಇನ್ನೂ ಕೆಲವು ತಾಯಂದಿರು ಕಲ್ಲಿನಿಂದ ಎದ್ದರು.

ಕಷ್ಟ ಬಂದದ್ದು ಕಳೆದ ಬೇಸಿಗೆಯಲ್ಲಿ, ಅದೂ ಮನೆಯೊಳಗಿಂದ. ಏರಿಯ ನಡುವೆ ತೂಬಿನ ಪಕ್ಕ ಒಂದು ಇಳಿಜಾರಿದೆ. ಅಲ್ಲಿಂದ ಇಳಿದರೆ ಏರಿಯ ಹಿಂದಿನ ಹೊಸ ಬಡಾವಣೆ. ಬೋರ್‌ವೆಲ್ಲುಗಳು ಬತ್ತಿ ಆ ಬಡಾವಣೆಯವರೆಲ್ಲ ಟ್ಯಾಂಕರ್ ನೀರಿಗೇ ಕಾಯುತ್ತಿದ್ದರು. ಮುಖ್ಯರಸ್ತೆಯಲ್ಲಿ ಹೋದರೆ ಟಿನ್ ಫ್ಯಾಕ್ಟರಿಯ ಬಳಿ ವಾಹನಗಳ ನಡುವೆ ಸಿಕ್ಕಿಬಿದ್ದು ಬೆಳಗೆಲ್ಲ ಹಾಳು. ಏರಿಯ ಮೇಲೆ ಹೋದರೆ ಅಲ್ಲೇ ಇಳಿಯಬಹುದು. ಕೆಂಪರಾಜ್ ಊಟದ ಹೊತ್ತಿಗೆ ತಾಯಿಯ ಮುಂದೆ ಮಾತು ತೆಗೆದರು.

“ಅಮ್ಮ, ನಾಳೆಯಿಂದ ಲೋಡು ಏರಿ ಮೇಲೆ ತಗೊಂಡು ಹೋಗ್ತೀನಿ.”

“ಏರಿ ಮೇಲೆ ಮಕ್ಕಳಿರ್ತವೆ.”

“ಇದ್ರೆ ಸೈಡಿಗೆ ನಿಂತ್ಕೊತವೆ.”

“ಸೈಡಿಗೆ ನಿಲ್ಲೋದು ಬಂದಿದ್ರೆ ರೋಡಲ್ಲೇ ಕಲೀತಿದ್ವಲ್ಲೋ.”

“ಅಲ್ಲಿ ಜನಕ್ಕೆ ಕುಡಿಯೋಕೆ ನೀರಿಲ್ಲ ಕಣಮ್ಮ. ಇವ್ರದು ಆಟ. ಅವ್ರದು ಬಾಯಾರಿಕೆ.”

ಅದು ಆಂಜನಮ್ಮನಿಗೂ ಗೊತ್ತಿತ್ತು. “ಅವನು ಹೇಳಿದ್ದು ಸುಳ್ಳಲ್ಲವಲ್ಲ,” ಎನ್ನುತ್ತಾರೆ. ಕೊನೆಗೆ ತಾಯಿ ಮಗನ ನಡುವೆ ಒಪ್ಪಂದವಾಯಿತು. ಬೆಳಿಗ್ಗೆ ಸೈಕಲ್ಲಿನವರು ಮನೆಗೆ ಹೋಗುವ ತನಕ ಏರಿಗೆ ಟ್ಯಾಂಕರ್ ಬರಬಾರದು. ಆಮೇಲೆ ಬರಬಹುದು. ಮಗ ಮಾತಿಗೆ ನಡೆದುಕೊಂಡರು. ಆದರೆ ತುಂಬಿದ ಟ್ಯಾಂಕರಿನ ಭಾರಕ್ಕೆ ದಿನಾ ಏರಿ ಕುಸಿಯುತ್ತಿತ್ತು. ದಿನಾ ಬೆಳಿಗ್ಗೆ ಆಂಜನಮ್ಮ ಮಗ ಬಿಟ್ಟುಹೋದ ಜಾಡನ್ನು ಮಂಕರಿ ಮಣ್ಣಿನಲ್ಲಿ ಮುಚ್ಚುತ್ತಿದ್ದರು.

ಮೇ ತಿಂಗಳ ಒಂದು ಭಾನುವಾರ ಮಾತು ತಪ್ಪಿತು. ಬಡಾವಣೆಯ ಒಂದು ಮನೆಯಲ್ಲಿ ನಾಮಕರಣ. ನೆಂಟರು ಬಂದಿದ್ದಾರೆ, ಅಡುಗೆಯವರು ಒಲೆ ಹಚ್ಚಿ ಕೂತಿದ್ದಾರೆ, ಸಂಪಿನಲ್ಲಿ ಹನಿ ನೀರಿಲ್ಲ. ಫೋನಿನ ಮೇಲೆ ಫೋನು. ಕೆಂಪರಾಜ್ ಗಡಿಯಾರ ನೋಡಲಿಲ್ಲ, ಟ್ಯಾಂಕರನ್ನು ಏರಿಗೆ ಹತ್ತಿಸಿಬಿಟ್ಟರು.

ಸುಬ್ಬಲಕ್ಷ್ಮಿ ಅಂದು ಯಾರೂ ಹಿಡಿಯದೆ ಒಬ್ಬರೇ ಹೋಗುತ್ತಿದ್ದರು. ಎದುರಿಗೆ ಟ್ಯಾಂಕರ್ ಕಂಡಿತು. “ಬ್ರೇಕ್ ಹಿಡಿಯೋದು ಗೊತ್ತಿತ್ತು. ಆದ್ರೆ ಕೈ ಕಲ್ಲಾಗಿಬಿಡ್ತು. ಹಾರ್ನ್ ಬೇರೆ. ನಾನು ಸೀದಾ ಅದರ ಕಡೆಗೇ ಹೋಗ್ತಿದೀನಿ ಅನ್ನೋದು ಕಾಣ್ತಿದೆ, ತಿರುಗಿಸೋಕಾಗ್ತಿಲ್ಲ,” ಎನ್ನುತ್ತಾರೆ ಅವರು. ಕೆಂಪರಾಜ್ ಬ್ರೇಕ್ ಒತ್ತಿದರು. ಒಳಗಿನ ನೀರು ಮುಂದಕ್ಕೆ ನುಗ್ಗಿ ಗಾಡಿ ಇನ್ನಷ್ಟು ದೂರ ಜಾರಿ ನಿಂತಿತು. ಟ್ಯಾಂಕರಿಗೂ ಸೈಕಲ್ಲಿಗೂ ನಡುವೆ ಒಂದಾಳು ಮಲಗುವಷ್ಟು ಜಾಗ ಉಳಿದಿತ್ತು. ಸುಬ್ಬಲಕ್ಷ್ಮಿ ಪಕ್ಕಕ್ಕೆ ಲಕ್ಕಿ ಗಿಡದ ಮೇಲೆ ಬಿದ್ದರು. ನೀರಿಗೆ ಬೀಳಲಿಲ್ಲ. ಆದರೆ ಕೈ ಊರಿದ್ದರಿಂದ ಮಣಿಕಟ್ಟಿನ ಮೂಳೆ ಮುರಿಯಿತು.

ಕೆಂಪರಾಜ್ ಇಳಿದು ಬಂದು ಅವರನ್ನು ಎತ್ತಿ ಕೂರಿಸಿದರು. ನಾಣಿ ಓಡಿ ಬಂದರು. ಗಗನಾ ಅಳುತ್ತಿದ್ದಳು. ಅವರ ಹಿಂದೆ ಸೈಕಲ್ ಹಿಡಿದು ನಿಂತಿದ್ದ ಮಕ್ಕಳ ಸಾಲಿನಲ್ಲಿ ಭವ್ಯಾಳೂ ಇದ್ದಳು. ಅಪ್ಪನನ್ನು ನೋಡಿ ಅವಳು ತಲೆ ತಗ್ಗಿಸಿದಳು.

ಸುಬ್ಬಲಕ್ಷ್ಮಿಯವರನ್ನು ಸ್ಕೂಟರಿನಲ್ಲಿ ಆಸ್ಪತ್ರೆಗೆ ಕಳಿಸಿದ ಮೇಲೆ ಏರಿಯ ಮೇಲೆ ಟ್ಯಾಂಕರ್ ಉಳಿಯಿತು. ಇಳಿಜಾರು ಮುಂದೆ ಹತ್ತಿರವೇ ಇತ್ತು. ಮಕ್ಕಳನ್ನು ಒತ್ತಟ್ಟಿಗೆ ಸರಿಸಿದ್ದರೆ ಹೋಗಿಬಿಡಬಹುದಿತ್ತು. ಕೆಂಪರಾಜ್ ಮತ್ತೆ ಹತ್ತಿ ಸ್ಟಿಯರಿಂಗ್ ಹಿಡಿದರು. ಆಮೇಲೆ ತಲೆ ಹೊರಗೆ ಹಾಕಿ ತಾಯಿಯನ್ನು ಕರೆದರು.

“ಅಮ್ಮ, ಹಿಂದೆ ನಿಂತ್ಕೊಂಡು ನೋಡು. ವಾಪಸ್ ತಗೊತೀನಿ.”

ಏರಿಯ ಮೇಲೆ ತಿರುಗಿಸಲು ಜಾಗವಿಲ್ಲ. ಒಂದು ಕಡೆ ನೀರು, ಇನ್ನೊಂದು ಕಡೆ ಆಳ. ತುಂಬಿದ ಟ್ಯಾಂಕರನ್ನು ಬಂದಷ್ಟೂ ದೂರ ಹಿಂದಕ್ಕೇ ಓಡಿಸಬೇಕು. ಆಂಜನಮ್ಮ ಟ್ಯಾಂಕರಿನ ಹಿಂದೆ, ಮಗನ ಕನ್ನಡಿಗೆ ಕಾಣುವಂತೆ ನಿಂತು, ಒಂದೊಂದೇ ಹೆಜ್ಜೆ ಹಿಂದಕ್ಕೆ ಇಡುತ್ತ ಕೈ ಬೀಸಿದರು. “ಬರ್ಲಿ, ಬರ್ಲಿ. ಎಡಕ್ಕೆ ಸ್ವಲ್ಪ. ನಿಲ್ಲು. ಈಗ ಬಾ ಮಗಾ.” ಮೈಯೆಲ್ಲ ಬೆವರಿ ಕೆಂಪರಾಜ್ ಕೆಳಗೆ ಇಳಿದಾಗ ತಾಯಿ ಸೆರಗಿನಲ್ಲಿ ಅವರ ಮುಖ ಒರೆಸಿದರು. ಬೈಯಲಿಲ್ಲ. ಟ್ಯಾಂಕರ್ ಟಿನ್ ಫ್ಯಾಕ್ಟರಿಯ ಕಡೆಯಿಂದಲೇ ಸುತ್ತಿ ಹೋಯಿತು. ನಾಮಕರಣದ ಮನೆಯಲ್ಲಿ ಊಟ ತಡವಾಯಿತು. ಮಗುವಿನ ಹೆಸರಿಗೆ ಅದರಿಂದ ಏನೂ ಕೊರತೆಯಾಗಲಿಲ್ಲ.

“ಬೈದಿದ್ರೆ ಪರವಾಗಿರ್ಲಿಲ್ಲ,” ಎನ್ನುತ್ತಾರೆ ಕೆಂಪರಾಜ್. ಮಾತು ಕಡಿಮೆಯ ಮನುಷ್ಯ, ಹೇಳುವಾಗ ಕಾಲ ಬುಡದ ಮಣ್ಣನ್ನು ಕೆದಕುತ್ತಾರೆ. “ನಾನ್ ಮಾಡಿದ್ ಜಾಡನ್ನ ದಿನಾ ಮುಚ್ತಿದ್ರಲ್ಲ, ಅದು ನಂಗೆ ಗೊತ್ತಿತ್ತು. ಗೊತ್ತಿದ್ದೂ ದಿನಾ ಹೋಗ್ತಿದ್ದೆ. ಅವತ್ತು ರಿವರ್ಸಲ್ಲಿ ಕನ್ನಡೀಲಿ ಅಮ್ಮನ್ನೇ ನೋಡ್ಕೊಂಡು ಬಂದ್ನಲ್ಲ ಸಾರ್, ಎಷ್ಟು ವಯಸ್ಸಾಗಿದೆ ಅನ್ನೋದು ಅವತ್ತೇ ಕಂಡಿದ್ದು.”

ಅಂದಿನಿಂದ ಅವರ ಟ್ಯಾಂಕರ್ ಬೆಳಗಿನ ಜಾವವೇ ಹೊರಟು ಮುಖ್ಯರಸ್ತೆಯಲ್ಲೇ ಬಡಾವಣೆ ಮುಟ್ಟುತ್ತದೆ. ಭಾನುವಾರ ಮಾತ್ರ ಅದಕ್ಕೆ ಬೇರೆ ಕೆಲಸ. ಏರಿ ಶುರುವಾಗುವ ಕಡೆ ಅದನ್ನು ಅಡ್ಡ ನಿಲ್ಲಿಸುತ್ತಾರೆ. ಪಕ್ಕದಲ್ಲಿ ಒಂದು ಸೈಕಲ್ ತೂರುವಷ್ಟು ಸಂದು. ಬೇರೆ ಟ್ಯಾಂಕರಾಗಲಿ, ಹುಡುಗರ ಬೈಕಾಗಲಿ ಒಳಗೆ ಬರುವಂತಿಲ್ಲ. ಧೂಳೆದ್ದ ದಿನ ಅದರ ಪೈಪಿನಿಂದಲೇ ಮಣ್ಣಿಗೆ ಒಂದಿಷ್ಟು ನೀರು ಚಿಮುಕಿಸುತ್ತಾರೆ.

ಸುಬ್ಬಲಕ್ಷ್ಮಿಯವರ ಕೈಯ ಕಟ್ಟು ಬಿಚ್ಚಿದ ಮೇಲೂ ಅವರು ಬರಲಿಲ್ಲ. ಗಗನಾಳನ್ನು ನಾಣಿ ಕರೆತರುತ್ತಿದ್ದರು. ಆಂಜನಮ್ಮ ಸೊಪ್ಪಿನ ಕಟ್ಟು ಹಿಡಿದು ಕಾಲೊನಿಯ ಮನೆಗೆ ಹೋಗಿ ಬರುತ್ತಿದ್ದರು. ಸೈಕಲ್ ಮಾತು ಎತ್ತುತ್ತಿರಲಿಲ್ಲ. ಕೈ ಹೇಗಿದೆ, ರೊಟ್ಟಿ ತಟ್ಟಲು ಬರುತ್ತದಾ, ಇಷ್ಟೇ. ಕೆಲವು ಸಲ ಹೀಗೆ ಹೋಗಿ ಬಂದ ಮೇಲೆ ಒಂದು ದಿನ ಕೆಂಪರಾಜ್ ತಾವೇ ಜೊತೆಗೆ ಹೋದರು. ಬಾಗಿಲಲ್ಲೇ ನಿಂತು, “ಮೇಡಂ, ಇನ್ಮೇಲೆ ಯಾವ ಗಾಡೀನೂ ಬರಲ್ಲ. ನಾನೇ ಅಡ್ಡ ಇರ್ತೀನಿ. ಬನ್ನಿ,” ಎಂದರು. ಸುಬ್ಬಲಕ್ಷ್ಮಿ ಅವರನ್ನು ಒಳಗೆ ಕರೆದು ಕಾಫಿ ಕೊಟ್ಟರು.

ಅದರ ಮುಂದಿನ ಭಾನುವಾರ ಬಂದರು. ಸುಮ್ಮನೆ ಕಲ್ಲಿನ ಮೇಲೆ ಕೂತರು. ಆಂಜನಮ್ಮ ಪಕ್ಕದಲ್ಲಿ ಕೂತರು. ಎಷ್ಟೋ ಹೊತ್ತಾದ ಮೇಲೆ ಸುಬ್ಬಲಕ್ಷ್ಮಿಯೇ ಎದ್ದು ರಹೀಂ ಬಳಿ ಹೋಗಿ ಚಿಕ್ಕದೊಂದು ಸೈಕಲ್ ಕೇಳಿದರು. “ಮಕ್ಕಳ ಸೈಜ್ ಕೊಡಿ. ಕಾಲು ನೆಲಕ್ಕೆ ಸಿಗ್ಬೇಕು.” ದೊಡ್ಡ ಹೆಂಗಸು ಪುಟ್ಟ ಸೈಕಲ್ಲಿನ ಮೇಲೆ ಮಂಡಿ ಅಗಲಿಸಿಕೊಂಡು ತೇಲಾಡುತ್ತ ಹೋದಾಗ ಯಾರೂ ನಗಲಿಲ್ಲ. ನಾಣಿ ಈ ಸಲ ಆ ಕಡೆ ತಿರುಗಲೂ ಇಲ್ಲ. ಮಡಿಚಿದ ಪೇಪರನ್ನು ಕಂಕುಳಲ್ಲಿ ಇಟ್ಟುಕೊಂಡು ನೋಡುತ್ತಲೇ ನಿಂತರು. ಈಗ ಸುಬ್ಬಲಕ್ಷ್ಮಿ ಕಾಲೊನಿಯಿಂದ ಏರಿಯ ತನಕ ತಮ್ಮದೇ ಸೈಕಲ್ಲಿನಲ್ಲಿ ಬರುತ್ತಾರೆ, ಹೊಸದಾಗಿ ಬಂದವರಿಗೆ ಹತ್ತುವುದು ಹೇಳಿಕೊಡುತ್ತಾರೆ.

ನಾನು ಹೋಗಿದ್ದ ಭಾನುವಾರ ಜನ ನೂರರ ಹತ್ತಿರ ಇದ್ದರು. ಸೂರ್ಯ ಮೇಲೇರುವ ಹೊತ್ತಿಗೆ ಏರಿಯ ತುಂಬ ಗಂಟೆಯ ಸದ್ದು, “ಬಿಡ್ಬೇಡಿ ಅಪ್ಪಾ” ಎಂಬ ಕೂಗು. ಆಂಜನಮ್ಮ ನೀರಿನ ಮಡಕೆಯ ಪಕ್ಕ ಕೂತಿದ್ದರು. ಇಷ್ಟೆಲ್ಲ ಆದ ಮೇಲೆ ಇನ್ನೇನು ಬೇಕು ಅನ್ನಿಸುತ್ತದೆ ಎಂದು ಕೇಳಿದೆ. ಅವರು ಏರಿಯ ಆ ತುದಿಗೆ, ಮಳೆಗಾಲದಲ್ಲಿ ನೀರು ತುಂಬಿ ಹರಿಯುವ ಕೋಡಿಯ ಕಡೆ ಕೈ ತೋರಿಸಿದರು.

“ಅಲ್ಲಿ ಕಾಲುವೆ ಒಂದು ಅಡ್ಡ ಐತೆ. ಅದಕ್ಕೇ ಎಲ್ರೂ ಏರಿ ಕೊನೇಲಿ ಇಳಿದು, ಸೈಕಲ್ ಎತ್ತಿ ತಿರುಗಿಸ್ಕೊಂಡು ಬರ್ತಾರೆ. ಹೊಸಬರಿಗೆ ತಿರುಗಿಸೋದು ಬಲೇ ಕಷ್ಟ. ಅಲ್ಲೊಂದು ಸಣ್ಣ ಮೋರಿ, ದಾಟೋಕೆ ಸೇತುವೆ ತರ, ಆಗ್ಬಿಟ್ರೆ ಆ ಕಡೆ ದಡದ ಮೇಲೂ ದಾರಿ ಮಾಡ್ಬೋದು. ಕೆರೆ ಸುತ್ತ ಒಂದು ಸುತ್ತು.”

ಕೋಡಿಯ ಪಕ್ಕದ ಹುಲ್ಲಿನಲ್ಲಿ ಎರಡು ದಪ್ಪ ಸಿಮೆಂಟ್ ಪೈಪುಗಳು ಬಿದ್ದಿದ್ದವು. ಯಾರದೆಂದು ಕೇಳಿದೆ. ಆಂಜನಮ್ಮ ಟ್ಯಾಂಕರಿಗೆ ಒರಗಿ ನಿಂತಿದ್ದ ಮಗನ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದರು.

“ಹೋದ ವಾರ ಅವನೇ ತಂದು ಹಾಕವ್ನೆ. ಕೇಳಿದ್ರೆ, ಎಲ್ಲೋ ಕೆಲ್ಸದಲ್ಲಿ ಮಿಕ್ಕಿತ್ತು ಅಂತಾನೆ. ನಾನೂ ಜಾಸ್ತಿ ಕೇಳಕ್ಕೆ ಹೋಗಿಲ್ಲ.” ಮಡಕೆಯ ಮುಚ್ಚಳವನ್ನು ಸರಿಮಾಡಿ, ಮಂಡಿಗೆ ಕೈಯೂರಿ ಎದ್ದರು. “ಮಳೆಗಾಲ ಹಿಡಿಯೋಕ್ ಮುಂಚೆ ಇಬ್ರೂ ಸೇರಿ ಕೂರಿಸ್ತೀವಿ. ಆಮೇಲೆ ಯಾರೂ ಇಳೀಬೇಕಾಗಿಲ್ಲ.”